ಹೆಸರು ಅಚ್ಚಾಗುವ ಮುಂಚೆ: ಮಗ್, ಟೀ ಶರ್ಟ್, ಆಮಂತ್ರಣ ಪತ್ರಿಕೆಗೆ ಪ್ರಿಂಟ್ ಫೈಲ್ ಮಾಡುವ ಕ್ರಮ

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಸ್ಟೀಲ್ ಚೊಂಬು ಇದೆ. ಪಾತ್ರೆ ಅಂಗಡಿಯವರು ಮಷಿನ್ ಹಿಡಿದು ಗುರ್ ಎಂದು ಅದರ ಕಂಠದ ಮೇಲೆ ಹೆಸರು ಕೊರೆದುಕೊಟ್ಟಿದ್ದರು. 'ಸರಸ್ವತಮ್ಮ' ಆಗಬೇಕಿತ್ತು, 'ಸರಸತ್ವಮ್ಮ' ಆಗಿದೆ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಚೊಂಬು ಗಟ್ಟಿಯಾಗಿದೆ, ತಪ್ಪೂ ಗಟ್ಟಿಯಾಗಿದೆ.

ವಸ್ತುವಿನ ಮೇಲೆ ಹೆಸರು ಹಾಕಿಸುವುದು ನಮಗೆ ಹೊಸದೇನಲ್ಲ. ಈಗ ಪಾತ್ರೆಯ ಜೊತೆಗೆ ಮಗ್, ಟೀ ಶರ್ಟ್, ಕೀ ಚೈನ್, ಮರದ ನಾಮಫಲಕ, ನಾಮಕರಣದ ಉಡುಗೊರೆ ಚೀಲ ಎಲ್ಲ ಸೇರಿಕೊಂಡಿವೆ. ನಾನು ಶಿವಮೊಗ್ಗದಲ್ಲಿ ಕೂತು ಇಂಥ ಫೈಲ್ ಮಾಡಿಕೊಡುತ್ತೇನೆ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದಲೂ ಕೆಲಸ ಬರುತ್ತದೆ. ಬರೀ ಹೂವಿನ ಚಿತ್ರದ ಮಗ್ ಸ್ವಲ್ಪ ಮಸುಕಾದರೂ ಯಾರಿಗೋ ಕಡಿಮೆ ಬೆಲೆಗೆ ಹೋಗುತ್ತದೆ. 'ಸಾನ್ವಿಯ ಮೊದಲ ಹುಟ್ಟುಹಬ್ಬ' ಎಂದು ಅಚ್ಚಾದ ಮಗ್ ಕೆಟ್ಟರೆ ಅದು ಯಾರಿಗೂ ಬೇಡ. ಹಾಗಾಗಿ ನನ್ನ ಕೆಲಸದ ಕ್ರಮ ಹೆಸರಿನಿಂದ ಶುರುವಾಗುತ್ತದೆ, ಅಲಂಕಾರ ಆಮೇಲೆ.

ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಫೋನ್

ಮೊದಲು ಪ್ರಿಂಟ್ ಮಾಡುವವರಿಗೆ ಫೋನ್ ಮಾಡಿ. ಯಾವ ವಿಧಾನದಲ್ಲಿ ಅಚ್ಚು ಹಾಕುತ್ತೀರಿ, ಅಚ್ಚು ಬೀಳುವ ಜಾಗದ ಉದ್ದ ಅಗಲ ಎಷ್ಟು ಮಿಲಿಮೀಟರ್, ಸುತ್ತ ಎಷ್ಟು ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚುವ ಬಣ್ಣ) ಬೇಕು, ಬಣ್ಣ ಆರ್‌ಜಿಬಿಯೋ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ) ಸಿಎಂವೈಕೆಯೋ (ಸಿ ತಿಳಿನೀಲಿ, ಎಂ ಕೆನ್ನೇರಳೆ, ವೈ ಹಳದಿ, ಕೆ ಕಪ್ಪು ಎಂಬ ನಾಲ್ಕು ಶಾಯಿಗಳ ಲೆಕ್ಕ), ಫೈಲ್ ಪಿಡಿಎಫ್ ಬೇಕೋ ಪಿಎನ್‌ಜಿ ಬೇಕೋ, ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದು (ಕಾಗದದಿಂದ ಮಗ್‌ಗೆ ಒತ್ತುವಾಗ ಹಾಗೆ ಬೇಕಾಗುತ್ತದೆ) ನಾನೋ ನೀವೋ ಎಂದು ಕೇಳಿ. ಅವರ ಹತ್ತಿರ ಟೆಂಪ್ಲೇಟ್ (ಅಳತೆ ಗುರುತು ಮಾಡಿದ ಮಾದರಿ ಫೈಲ್) ಇದ್ದರೆ ಅದನ್ನೇ ತರಿಸಿಕೊಳ್ಳಿ.

ಕೊನೆಯ ಪ್ರಶ್ನೆಯನ್ನು ನಾನು ಒಮ್ಮೆ ಕೇಳದೆ ಬಿಟ್ಟಿದ್ದೆ. ನಾನೂ ತಿರುಗಿಸಿದೆ, ಅಂಗಡಿಯವರೂ ತಿರುಗಿಸಿದರು. ಹನ್ನೆರಡು ಮಗ್ ಮೇಲೆ ಹೆಸರು ಉಲ್ಟಾ ಬಂತು. ಕನ್ನಡದ ದುಂಡು ಅಕ್ಷರ ಉಲ್ಟಾ ಆದರೂ ದೂರದಿಂದ ಕನ್ನಡದಂತೆಯೇ ಕಾಣುತ್ತದೆ. ಹೀಗಾಗಿ ಪ್ಯಾಕ್ ಆಗುವವರೆಗೆ ಯಾರೂ ಗಮನಿಸಲಿಲ್ಲ. ಬರೀ ಫೋಟೋ ಇದ್ದರೆ ಇನ್ನೂ ಮೋಸ. ಒಂದು ದಂಪತಿಯ ಫೋಟೋ ಹೀಗೆ ತಿರುಗಿದಾಗ ತಪ್ಪು ಹಿಡಿದವರು ಅವರ ಮನೆಯ ಅಜ್ಜಿ. "ಸೆರಗು ಬಲಗಡೆಗೆ ಹೇಗೆ ಹೋಯ್ತು?" ಎಂದರು. ಅಂದಿನಿಂದ ಫೋಟೋ ಕೈಗೆ ಬಂದರೆ ನಾನು ಮೊದಲು ನೋಡುವುದು ಸೆರಗು.

ಹೆಸರುಗಳನ್ನು ಕೂಡಿಸುವುದು

ಹೆಸರನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಕನ್ನಡದಲ್ಲೇ ಟೈಪ್ ಮಾಡಿ ಕಳಿಸಲು ಹೇಳಿ. ಆಗದಿದ್ದರೆ ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸಲಿ. ಇಂಗ್ಲಿಷಿನಲ್ಲಿ ಬಂದ ಹೆಸರನ್ನು ನೀವೇ ಕನ್ನಡಕ್ಕೆ ತಿರುಗಿಸಿದರೆ ತಪ್ಪು ನಿಮ್ಮ ತಲೆಗೆ. ಅನುಷಾ ಹೌದೋ ಅನೂಷಾ ಹೌದೋ, ಗಣೇಶನೋ ಗಣೇಶ್‌ನೋ, ಅದನ್ನು ಮನೆಯವರೇ ಹೇಳಬೇಕು.

ಬಂದ ಪಠ್ಯ ಎರಡು ಬಗೆಯದ್ದಿರುತ್ತದೆ. ಒಂದು ಯೂನಿಕೋಡ್, ಅಂದರೆ ಮೊಬೈಲಿನಲ್ಲಿ ಟೈಪ್ ಮಾಡುವುದು. ಇನ್ನೊಂದು 'ನುಡಿ', 'ಬರಹ' ಎಂಬ ಕನ್ನಡ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು. ಇದರಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ಮುಖವಾಡ ಹಾಕಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಗೀಟು ಚುಕ್ಕಿ ಹೊತ್ತ ವಿಚಿತ್ರ ಇಂಗ್ಲಿಷ್ ಕಾಣುತ್ತದೆ. ಪ್ರೆಸ್‌ಗಳು ಇನ್ನೂ ನುಡಿಯನ್ನೇ ಹಿಡಿದುಕೊಂಡಿವೆ ಎಂದು ನಗುವವರಿದ್ದಾರೆ. ಆದರೆ ಅದಕ್ಕೆ ಕಾರಣ ಇದೆ. ಡಿಸೈನ್ ಸಾಫ್ಟ್‌ವೇರ್‌ಗಳಾದ ಹಳೆಯ ಕೋರಲ್ ಡ್ರಾ, ಪೇಜ್‌ಮೇಕರ್‌ಗಳಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ನುಡಿಯಲ್ಲಿ ಒತ್ತು ಒಂದು ಬಿಡಿ ತುಂಡು, ಇಟ್ಟ ಜಾಗದಲ್ಲಿ ಕೂರುತ್ತಿತ್ತು.

ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸುವ ಕನ್ವರ್ಟರ್‌ಗಳು ಬೇಕಾದಷ್ಟಿವೆ. ಬದಲಿಸಿದ ಮೇಲೆ ಈ ಮೂರನ್ನು ಕಣ್ಣಿಟ್ಟು ನೋಡಿ:

- ಅರ್ಕಾವತ್ತು. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಕನ್ವರ್ಟರ್ ಎಡವಿದರೆ 'ಪಾರ್ಥ' ಕೆಡುತ್ತದೆ. ಕೆಲವರು ಅರ್ಕಾವತ್ತಿನ ಬದಲು 9ರ ಕನ್ನಡ ಅಂಕಿಯನ್ನೇ ಒತ್ತಿ 'ಪಾಥ೯' ಎಂದು ಬರೆದಿರುತ್ತಾರೆ.
- ಅನುಸ್ವಾರ. 'ಸಂಗೀತಾ' ಎಂಬಲ್ಲಿ ಸೊನ್ನೆಯ ಅಂಕಿ ಹಾಕಿ 'ಸ೦ಗೀತಾ' ಮಾಡಿರುತ್ತಾರೆ. ನೋಡಲು ಒಂದೇ. ಫಾಂಟ್ ಬದಲಿಸಿದ ಕೂಡಲೇ ಸೊನ್ನೆ ದೊಡ್ಡದಾಗಿಯೋ ಚಿಕ್ಕದಾಗಿಯೋ ಎದ್ದು ನಿಲ್ಲುತ್ತದೆ.
- ಕಾಣದ ಜೋಡಣೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು 'ಜ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಕಾಪಿ ಪೇಸ್ಟ್ ಮಾಡುವಾಗ ಅದು ಉದುರಿದರೆ 'ರಾಜ್ಕುಮಾರ್' ಆಗುತ್ತದೆ. ತಪ್ಪೆಂದು ಗೊತ್ತಾಗದಷ್ಟು ಸಹಜವಾಗಿ ಕಾಣುತ್ತದೆ, ಅದೇ ಕಷ್ಟ.

ಕನ್ನಡಕ್ಕೆ ಸಾಫ್ಟ್‌ವೇರ್ ಸಜ್ಜು ಮಾಡುವುದು

ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿಗೆ ಹೋಗಿ ಒತ್ತಕ್ಷರ ಕೂಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ. ಇಲ್ಲಸ್ಟ್ರೇಟರ್, ಫೋಟೋಶಾಪ್‌ಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ಭಾರತೀಯ ಭಾಷೆಗಳ ಆಯ್ಕೆ ಹುಡುಕಿ. ಇದನ್ನು ಮಾಡದೆ 'ಕೃಷ್ಣ' ಎಂದು ಹಾಕಿದರೆ ಷ ಅರ್ಧಕ್ಕೆ ನಿಂತು ಣ ಪಕ್ಕದಲ್ಲಿ ಕೂರುತ್ತದೆ. ಇಂಕ್‌ಸ್ಕೇಪ್ ಉಚಿತ, ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ. ಆಫ್‌ಸೆಟ್‌ಗೆ (ಪ್ರೆಸ್‌ನಲ್ಲಿ ಪ್ಲೇಟ್ ಮಾಡಿ ಅಚ್ಚು ಹಾಕುವುದು) ಬೇಕಾದ ಸಿಎಂವೈಕೆ ಕೆಲಸಕ್ಕೆ ಅದು ಸಾಲದು, ಅಲ್ಲಿಗೆ ಸ್ಕ್ರೈಬಸ್ ಎಂಬ ಉಚಿತ ಸಾಫ್ಟ್‌ವೇರ್ ಸರಿ.

ಫಾಂಟ್ ಆರಿಸುವಾಗ ನನ್ನದೊಂದು ಪರೀಕ್ಷೆ ಇದೆ. 'ಜ್ಯೋತ್ಸ್ನಾ, ಲಕ್ಷ್ಮೀ, ಮಲ್ಲಿಕಾರ್ಜುನ, ಕೃಷ್ಣ, ರಾಜ್‌ಕುಮಾರ್' ಎಂದು ಟೈಪ್ ಮಾಡುತ್ತೇನೆ. 'ತ್ಸ್ನಾ'ದಲ್ಲಿ ಎರಡು ಒತ್ತು ಒಂದರ ಮೇಲೊಂದು ಬೀಳದೆ ಓದಲು ಬಂದರೆ ಫಾಂಟ್ ಪಾಸ್. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಆಮಂತ್ರಣಕ್ಕೆ ಚೆನ್ನ. 'ಬಾಲೂ ತಮ್ಮ' ಎಂಬ ಫಾಂಟ್ ಮಕ್ಕಳ ಟೀ ಶರ್ಟಿಗೆ ಹೇಳಿ ಮಾಡಿಸಿದಂತಿದೆ. ಇವೆಲ್ಲ ಮುಕ್ತ ಪರವಾನಗಿಯವು, ಮಾರುವ ವಸ್ತುವಿನ ಮೇಲೂ ಬಳಸಬಹುದು. ಅಂದ ಹಾಗೆ, ವಿಂಡೋಸ್ ಜೊತೆ ಬಂದಿದ್ದ ಕನ್ನಡ ಫಾಂಟಿನ ಹೆಸರೇ ತುಂಗಾ. ನಮ್ಮೂರಿನವರಿಗೆ ಅದರ ಮೇಲೆ ಪ್ರೀತಿ ಇದ್ದರೆ ತಪ್ಪಲ್ಲ, ಆದರೆ ಮದುವೆ ಪತ್ರಿಕೆಗೆ ಅದು ಬೇಡ.

ಸಾಲಿನ ನಡುವಿನ ಅಂತರಕ್ಕೆ ಇಂಗ್ಲಿಷಿನ ಲೆಕ್ಕ ಇಡಬೇಡಿ. ಸಾಫ್ಟ್‌ವೇರ್ ತಾನಾಗಿ ಕೊಡುವುದು ಅಕ್ಷರದ ಅಳತೆಯ 120 ಪ್ರತಿಶತ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ನಾನು 145ರಿಂದ 160 ಇಡುತ್ತೇನೆ. ಅಂಚಿನ ಲೆಕ್ಕವನ್ನೂ ಅಕ್ಷರದ ಬುಡದಿಂದ ಹಾಕದೆ ಒತ್ತಿನ ತುದಿಯಿಂದ ಹಾಕಿ. ಇಲ್ಲದಿದ್ದರೆ ಕಟಿಂಗ್‌ನಲ್ಲಿ 'ಪದ್ಮಾ' ಹೋಗಿ 'ಪದಾ' ಆಗುತ್ತಾಳೆ.

ಅಳತೆ, ಬ್ಲೀಡ್, ಸುರಕ್ಷಿತ ಅಂಚು

ಡಾಕ್ಯುಮೆಂಟನ್ನು ನಿಜವಾದ ಅಳತೆಯಲ್ಲೇ ತೆರೆಯಿರಿ. ಆಮೇಲೆ ಹಿಗ್ಗಿಸಿದರಾಯಿತು ಎಂದು ಬಿಡಬೇಡಿ. ಕಾಗದ ಕತ್ತರಿಸುವಾಗ ಬ್ಲೇಡ್ ಒಂದು ಒಂದೂವರೆ ಮಿಲಿಮೀಟರ್ ಆಚೀಚೆ ಆಗುವುದು ಮಾಮೂಲು. ಅದಕ್ಕೇ ಹಿನ್ನೆಲೆ ಬಣ್ಣವನ್ನು ಸುತ್ತ 3 ಮಿಲಿಮೀಟರ್ ಹೊರಗೆ ಚಾಚಬೇಕು. ಹೆಸರು, ಮುಖ, ಮುಹೂರ್ತದ ಸಾಲು ಕತ್ತರಿಸುವ ಗೆರೆಯಿಂದ ಕನಿಷ್ಠ 4, 5 ಮಿಲಿಮೀಟರ್ ಒಳಗಿರಲಿ. 89 × 51 ಮಿಲಿಮೀಟರಿನ ವಿಸಿಟಿಂಗ್ ಕಾರ್ಡ್ ಆದರೆ ಬ್ಲೀಡ್ ಸೇರಿ 95 × 57 ಆಗುತ್ತದೆ. ಅಂಚಿಗೆ ಹತ್ತಿಕೊಂಡಂತೆ ತೆಳುವಾದ ಬಾರ್ಡರ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಕತ್ತರಿ ಅರ್ಧ ಮಿಲಿ ಸರಿದರೂ ಒಂದು ಬದಿ ದಪ್ಪ, ಒಂದು ಬದಿ ತೆಳು.

ಮಗ್‌ನ ಕಥೆ ಬೇರೆ. ಸಾಮಾನ್ಯ 11 ಔನ್ಸಿನ ಮಗ್‌ನ ಅಡ್ಡಳತೆ ಸುಮಾರು 8.2 ಸೆಂಟಿಮೀಟರ್. ಸುತ್ತಳತೆ ಹತ್ತಿರಹತ್ತಿರ 25.8. ಹಿಡಿಕೆಯ ಜಾಗ ಬಿಟ್ಟು ಅಚ್ಚು ಬೀಳುವುದು 20 × 9 ಸೆಂಟಿಮೀಟರಿನಷ್ಟು. ಟೆಂಪ್ಲೇಟ್ ಸಿಗದಿದ್ದರೆ ಖಾಲಿ ಮಗ್ ತಂದು ಕಾಗದದ ಪಟ್ಟಿ ಸುತ್ತಿ ಅಳೆಯಿರಿ. ಕಂಪನಿಯಿಂದ ಕಂಪನಿಗೆ ಅಳತೆ ಬದಲಾಗುತ್ತದೆ.

ಯಾವ ಬದಿಗೆ ಏನು ಎಂಬುದೂ ಮುಖ್ಯ. ಬಲಗೈಯಲ್ಲಿ ಮಗ್ ಹಿಡಿದು ಕಾಫಿ ಕುಡಿಯುವವರಿಗೆ ಕಾಣುವುದು ನಿಮ್ಮ ಉದ್ದ ಡಿಸೈನಿನ ಬಲಭಾಗ. ಎದುರಿಗೆ ಕೂತವರಿಗೆ ಕಾಣುವುದು ಎಡಭಾಗ. ಹೆಸರನ್ನು ನಾಲ್ಕು ಜನ ನೋಡಬೇಕು ಎಂದರೆ ಎಡಕ್ಕೆ ಹಾಕಿ, ತಮಗೇ ಓದಿಕೊಳ್ಳುವ ಪ್ರೀತಿಯ ಮಾತು ಬಲಕ್ಕೆ. ನಡುಮಧ್ಯೆ ಹಾಕಿದ್ದು ಹಿಡಿಕೆಯ ಎದುರು ದಿಕ್ಕಿಗೆ ಹೋಗಿ ಇಬ್ಬರಿಗೂ ಅರ್ಧಂಬರ್ಧ ಕಾಣುತ್ತದೆ. ಎಡಗೈಯವರಿಗೆ ಇದೆಲ್ಲ ಅದಲುಬದಲು, ಕೇಳಿಬಿಡಿ.

ಫೋಟೋ

ಲೆಕ್ಕ ಸರಳ. ಅಚ್ಚಿನ ಅಳತೆ ಇಂಚಿನಲ್ಲಿ ಎಷ್ಟೋ ಅದನ್ನು 300ರಿಂದ (ಇಂಚಿಗೆ 300 ಚುಕ್ಕಿ, ಅಂದರೆ 300 ಡಿಪಿಐ) ಗುಣಿಸಿ, ಅಷ್ಟು ಪಿಕ್ಸೆಲ್ ಬೇಕು. ಮೇಲಿನ 20 × 9 ಸೆಂಟಿಮೀಟರಿನ ಮಗ್‌ಗೆ (ಇಂಚಿಗೆ 2.54 ಸೆಂಟಿಮೀಟರ್) 2362 × 1063. ಎ4 ಹಾಳೆಗೆ 2480 × 3508. ದೂರದಿಂದ ನೋಡುವ ಫ್ಲೆಕ್ಸ್‌ಗೆ ಇಷ್ಟು ಬೇಡ, 6 × 3 ಅಡಿಗೆ ಇಂಚಿಗೆ 72 ಪಿಕ್ಸೆಲ್ ಎಂದು ಹಿಡಿದರೂ 5184 × 2592 ಸಾಕು.

ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋ 4000 × 3000 ಇರುತ್ತದೆ, ಅಂದರೆ 13 ಇಂಚಿನವರೆಗೂ ಧೈರ್ಯ. ಅದೇ ಫೋಟೋ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದರೆ ಉದ್ದದ ಬದಿ 1600ರ ಆಸುಪಾಸಿಗೆ ಇಳಿದಿರುತ್ತದೆ. 5 ಇಂಚಿಗೆ ಮುಗಿಯಿತು. ಆದ್ದರಿಂದ "ಡಾಕ್ಯುಮೆಂಟ್ ಆಗಿ ಕಳಿಸಿ" ಎಂಬ ಸಾಲನ್ನು ನಾನು ಮೊಬೈಲಿನಲ್ಲಿ ಸೇವ್ ಮಾಡಿ ಇಟ್ಟುಕೊಂಡಿದ್ದೇನೆ, ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ಫೋಟೋಶಾಪ್‌ನಲ್ಲಿ ರೆಸಲ್ಯೂಷನ್ ಜಾಗದಲ್ಲಿ 72 ಅನ್ನು ಅಳಿಸಿ 300 ಎಂದು ಬರೆದರೆ ಫೋಟೋ ಸ್ಪಷ್ಟವಾಗುವುದಿಲ್ಲ. ನೀರು ಬೆರೆಸಿದರೆ ಹಾಲು ಹೆಚ್ಚಾದಂತೆ ಕಾಣುತ್ತದೆ, ಅಷ್ಟೇ.

ಹಸೆ ಚಿತ್ತಾರ ಹಾಕಿಸುವವರು ಈಚೆಗೆ ಜಾಸ್ತಿ. ಸಾಗರ, ಸೊರಬ ಕಡೆ ದೀವರ ಮನೆಯ ಹೆಂಗಸರು ಗೋಡೆಯ ಮೇಲೆ ಬರೆಯುವ ಈ ಚಿತ್ತಾರದಲ್ಲಿ ಕೆಂಪು, ಬಿಳಿ, ಕಪ್ಪು, ಹಳದಿ ಎಂಬ ನಾಲ್ಕೇ ಬಣ್ಣ. ಗೋಡೆಯ ಫೋಟೋವನ್ನು ಹಾಗೇ ಹಿಗ್ಗಿಸಬೇಡಿ. ಗೆರೆ ಗೆರೆಯಾಗಿ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಚಿತ್ರ) ಆಗಿ ಬಿಡಿಸಿಕೊಳ್ಳಿ. ಆಗ ಕೀ ಚೈನಿಗೂ ಬ್ಯಾನರಿಗೂ ಒಂದೇ ಫೈಲ್ ಸಾಕು. ಬಣ್ಣ ಕಡಿಮೆ ಇರುವುದರಿಂದ ಒಂದೊಂದು ಬಣ್ಣಕ್ಕೆ ಬೇರೆ ಜಾಲರಿ ಹಿಡಿಯುವ ಸ್ಕ್ರೀನ್ ಪ್ರಿಂಟಿಂಗ್‌ಗೂ ಹೊಂದುತ್ತದೆ. ಚಿತ್ತಾರ ಬರೆದವರನ್ನು ಕೇಳಿ, ದುಡ್ಡು ಕೊಟ್ಟು ಬಳಸಿ. ಗೋಡೆ ಮೇಲಿದ್ದ ಮಾತ್ರಕ್ಕೆ ಅದು ಯಾರದ್ದೂ ಅಲ್ಲ ಎಂದಲ್ಲ.

ಬಣ್ಣ

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ ಶಾಯಿಯಿಂದ. ಮಳೆ ನಿಂತ ಮರುದಿನ ತೆಗೆದ ಅಡಿಕೆ ತೋಟದ ಆ ಹಸಿರು ಮೊಬೈಲಿನಲ್ಲಿ ಹೊಳೆಯುತ್ತದೆ, ಆಫ್‌ಸೆಟ್‌ನಲ್ಲಿ ಒಣಗಿದ ಸೊಪ್ಪಾಗುತ್ತದೆ. ಆಫ್‌ಸೆಟ್ ಕೆಲಸವಾದರೆ ಸಿಎಂವೈಕೆಗೆ ಬದಲಿಸಿ, ಅದನ್ನೇ ಗಿರಾಕಿಗೆ ತೋರಿಸಿ. ಆಮೇಲಿನ ಜಗಳ ತಪ್ಪುತ್ತದೆ. ಮಗ್‌ನ ಸಬ್ಲಿಮೇಷನ್ (ಬಿಸಿ ಮಾಡಿ ಕಾಗದದಿಂದ ಶಾಯಿ ಹತ್ತಿಸುವುದು), ಟೀ ಶರ್ಟಿನ ಡಿಟಿಎಫ್‌ಗೆ (ಫಿಲ್ಮ್ ಮೇಲೆ ಅಚ್ಚು ಹಾಕಿ ಬಟ್ಟೆಗೆ ಒತ್ತುವುದು) ಹೆಚ್ಚಿನವರು ಎಸ್‌ಆರ್‌ಜಿಬಿ, ಅಂದರೆ ಮಾಮೂಲಿ ಬಗೆಯ ಆರ್‌ಜಿಬಿ ಫೈಲ್ ಕೇಳುತ್ತಾರೆ, ಬಣ್ಣದ ಪ್ರೊಫೈಲ್ (ಶಾಯಿಗೆ ತಕ್ಕಂತೆ ಬಣ್ಣ ಹೊಂದಿಸುವ ಲೆಕ್ಕ) ಅವರ ಮಷಿನ್ನೇ ಹಾಕಿಕೊಳ್ಳುತ್ತದೆ.

ಸಣ್ಣ ಅಕ್ಷರದ ಕಪ್ಪು ಬರೀ ಕಪ್ಪು ಶಾಯಿಯಲ್ಲಿರಲಿ: ಕೆ 100, ಉಳಿದ ಮೂರೂ ಸೊನ್ನೆ. ಆರ್‌ಜಿಬಿಯಿಂದ ತಾನಾಗಿ ಬದಲಾದ ಕಪ್ಪಿನಲ್ಲಿ ನಾಲ್ಕೂ ಶಾಯಿ ಸೇರಿರುತ್ತವೆ. ಆಗುಂಬೆ ಸೀಮೆಯ ಮಳೆಗಾಲ ನೆನಪಿಸಿಕೊಳ್ಳಿ. ಹಪ್ಪಳವೇ ಮೆತ್ತಗಾಗುತ್ತದೆ, ಕಾಗದ ಬಿಟ್ಟೀತೇ? ತೇವ ಹೀರಿದ ಕಾಗದ ಹಿಗ್ಗಿ, ನಾಲ್ಕು ಬಣ್ಣಗಳ ಅಚ್ಚು ಕೂದಲೆಳೆಯಷ್ಟು ಸರಿಯುತ್ತದೆ. 'ಷ'ದ ಹೊಟ್ಟೆಯ ಗೀಟು, 'ಧ'ದ ಸೀಳು ಮುಚ್ಚಿಹೋಗುತ್ತವೆ. ಷಣ್ಮುಖ ಪಣ್ಮುಖನಾಗುತ್ತಾನೆ. ಕಡು ಹಿನ್ನೆಲೆಯ ಮೇಲೆ ತೆಳು ಬಿಳಿ ಅಕ್ಷರ ಹಾಕುವುದಾದರೆ ಒಂದು ಹಂತ ದಪ್ಪ ಫಾಂಟ್ ಬಳಸಿ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಸಿ 60, ಎಂ 40, ವೈ 40, ಕೆ 100 ಥರದ ಗಾಢ ಕಪ್ಪು.

ಚಿನ್ನದ ಬಣ್ಣಕ್ಕೆ ಹಳದಿ ಕಂದು ಗ್ರೇಡಿಯಂಟ್ ಹಾಕಿದರೆ ಪರದೆಯ ಮೇಲೆ ಚಿನ್ನ, ಕಾಗದದ ಮೇಲೆ ಸಾಸಿವೆ. ಫಾಯಿಲ್ (ಹೊಳೆಯುವ ತೆಳು ಹಾಳೆ ಒತ್ತಿಸುವುದು) ಬೇಕಿದ್ದರೆ ಆ ಭಾಗವನ್ನು ಬೇರೆ ಲೇಯರಿನಲ್ಲಿ ಒಂದೇ ಬಣ್ಣದಲ್ಲಿ ಕೊಡಿ.

ವಸ್ತುವಿಗೆ ತಕ್ಕ ಹುಷಾರು

ಸಬ್ಲಿಮೇಷನ್‌ನಲ್ಲಿ ಬಿಳಿ ಶಾಯಿ ಇಲ್ಲ. ಡಿಸೈನಿನ ಬಿಳಿ ಎಂದರೆ ಮಗ್‌ನದ್ದೇ ಬಿಳಿ. ಹತ್ತಿ ಬಟ್ಟೆಗೆ ಅದು ಹಿಡಿಯುವುದಿಲ್ಲ, ತಿಳಿ ಬಣ್ಣದ ಪಾಲಿಯೆಸ್ಟರ್ ಬೇಕು.

ಡಿಟಿಎಫ್‌ಗೆ ಹಿನ್ನೆಲೆ ಇಲ್ಲದ 300 ಡಿಪಿಐ ಪಿಎನ್‌ಜಿ ಕೊಡಿ. ಅಕ್ಷರದ ಹಿಂದೆ ಮೃದು ನೆರಳು, ಹೊಳಪು ಹಾಕಬೇಡಿ. ಬಣ್ಣದ ಅಡಿಗೆ ಬಿಳಿ ಪದರ ಬರುವುದರಿಂದ ಆ ಅರೆಪಾರದರ್ಶಕ ನೆರಳು ಕಪ್ಪು ಅಂಗಿಯ ಮೇಲೆ ಹಿಟ್ಟು ಉದುರಿದಂತೆ ಕಾಣುತ್ತದೆ.

ಲೇಸರ್‌ನಲ್ಲಿ ಮರದ ಮೇಲೆ ಕೊರೆಯುವುದಾದರೆ ತೊಂದರೆ ಕಡಿಮೆ. ಅಕ್ರಿಲಿಕ್ ಕತ್ತರಿಸಿ ಹೆಸರು ಮಾಡುವುದಾದರೆ ಕನ್ನಡ ಪರೀಕ್ಷೆ ಇಡುತ್ತದೆ. ಇಂಗ್ಲಿಷಿನ ಅಕ್ಷರದಲ್ಲಿ ಬಿಡಿ ತುಂಡಾಗುವುದು ಸಣ್ಣ ಐ, ಜೆಗಳ ಚುಕ್ಕಿ ಮಾತ್ರ. 'ಮಲ್ಲಿಕಾರ್ಜುನ'ದಲ್ಲಿ ಲಾವತ್ತು ಒಂದು ತುಂಡು, ಅರ್ಕಾವತ್ತು ಇನ್ನೊಂದು, ಅಕ್ಷರಗಳೂ ಬಿಡಿಬಿಡಿ. ಕತ್ತರಿಸಿದ ಮೇಲೆ ಎಲ್ಲ ಮೇಜಿನ ಮೇಲೆ ಚೆಲ್ಲುತ್ತವೆ. ಅಕ್ಷರಗಳನ್ನು ಸ್ವಲ್ಪ ಒಂದರೊಳಗೊಂದು ಸೇರಿಸಿ, ಒತ್ತನ್ನು ಮೇಲಕ್ಕೆಳೆದು ಮುಟ್ಟಿಸಿ, ವೆಲ್ಡ್ ಮಾಡಿ ಒಂದೇ ಆಕಾರ ಮಾಡಿ. ಇಲ್ಲವೇ ಹಿಂದೆ ಒಂದು ಹಲಗೆ ಇಡಿ. ಹಲಗೆಯಲ್ಲೇ ಅಕ್ಷರವನ್ನು ತೂತಾಗಿ ಕತ್ತರಿಸುವುದಾದರೆ ಸಂಕಟ ತಿರುಗಾಮುರುಗಾ: 'ಠ', 'ರ'ಗಳ ಒಳಗಿನ ದುಂಡು ಬಿದ್ದುಹೋಗುತ್ತದೆ, ಸಣ್ಣ ಸೇತುವೆ ಬಿಡಬೇಕು.

ನೂರಿಪ್ಪತ್ತು ಹೆಸರು, ಒಂದೇ ಡಿಸೈನ್

ಒಂದೊಂದಾಗಿ ಟೈಪ್ ಮಾಡಬೇಡಿ. ಎಕ್ಸೆಲ್‌ನಲ್ಲಿ ಒಂದು ಸಾಲಿಗೆ ಒಬ್ಬರು. ಹೆಸರು, ಅಳತೆ, ಬಣ್ಣ, ಫೋಟೋ ಬೇರೆ ಬೇರೆ ಕಾಲಂ. ಇದನ್ನು ಇನ್‌ಡಿಸೈನ್‌ನ ಡೇಟಾ ಮರ್ಜ್ ಅಥವಾ ಕೋರಲ್‌ನ ಪ್ರಿಂಟ್ ಮರ್ಜ್‌ಗೆ ಕೊಟ್ಟರೆ ಪುಟಗಳು ತಾನಾಗಿ ತುಂಬುತ್ತವೆ. ಎಕ್ಸೆಲ್ ಪಟ್ಟಿ ಉಳಿಸುವಾಗ ಯೂನಿಕೋಡ್ ಟೆಕ್ಸ್ಟ್ ಆರಿಸಿ. ಸುಮ್ನೆ ಸಿಎಸ್‌ವಿ ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಇನ್‌ಡಿಸೈನ್‌ನಲ್ಲಿ ಫೋಟೋ ಕಾಲಂನ ತಲೆಬರಹದ ಮುಂದೆ ಅಟ್ (@) ಚಿಹ್ನೆ ಹಾಕಬೇಕು, ಆಗ ಅದು ಚಿತ್ರವೆಂದು ತಿಳಿಯುತ್ತದೆ.

ಡಿಸೈನ್ ಮಾಡುವಾಗ ಪಟ್ಟಿಯ ಅತಿ ಉದ್ದದ ಹೆಸರು ಇಟ್ಟು ಮಾಡಿ. 'ಉಮಾ' ಇಟ್ಟು ಮಾಡಿದ ಚೌಕಟ್ಟಿನಲ್ಲಿ 'ಮಲ್ಲಿಕಾರ್ಜುನಸ್ವಾಮಿ' ಎರಡು ಸಾಲಾಗುತ್ತಾರೆ ಅಥವಾ ಹೊರಗೆ ಉಳಿಯುತ್ತಾರೆ. ಒಂದೇ ಹೆಸರು ಎರಡು ಸಲ ಬಂದರೆ ಅಳಿಸುವ ಮುಂಚೆ ಕೇಳಿ. ಒಂದೇ ತರಗತಿಯಲ್ಲಿ ಇಬ್ಬರು ಅನನ್ಯಾ ಇರುವುದು ನಮ್ಮ ಕಡೆ ವಿಶೇಷವೇನಲ್ಲ.

ಫೈಲ್ ಮುಗಿಸುವುದು

ಮೂಲ ಫೈಲನ್ನು ಒಂದು ಕಡೆ ಉಳಿಸಿ. ಅದರ ಪ್ರತಿಯಲ್ಲಿ ಮಾತ್ರ ಅಕ್ಷರಗಳನ್ನು ಕರ್ವ್‌ಗೆ (ಬರೀ ಆಕಾರಕ್ಕೆ) ಬದಲಿಸಿ. ಕರ್ವ್ ಆದ ಮೇಲೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಅಕ್ಷರ ಕೆಡುವುದಿಲ್ಲ, ಆದರೆ ತಿದ್ದಲೂ ಬರುವುದಿಲ್ಲ. ಬದಲಿಸಿದ ಮೇಲೆ 400 ಪ್ರತಿಶತ ಹಿಗ್ಗಿಸಿ ಪ್ರತಿ ಒತ್ತನ್ನೂ ನೋಡಿ. ಆಫ್‌ಸೆಟ್‌ಗೆ ಅಚ್ಚಿಗೆಂದೇ ಇರುವ ಪಿಡಿಎಫ್/ಎಕ್ಸ್-4, ಪ್ರೆಸ್‌ನ ಸಾಫ್ಟ್‌ವೇರ್ ಹಳೆಯದಾದರೆ ಪಿಡಿಎಫ್/ಎಕ್ಸ್-1ಎ. ಬ್ಲೀಡ್ ಮತ್ತು ಕ್ರಾಪ್ ಮಾರ್ಕ್ (ಕತ್ತರಿಸುವ ಗುರುತು) ಟಿಕ್ ಆಗಿದೆಯೇ ಎಂದು ನೋಡಿಕೊಳ್ಳಿ. ಫೈಲಿನ ಹೆಸರಿನಲ್ಲಿ ವಸ್ತು, ಅಳತೆ, ಸಂಖ್ಯೆ, ಆವೃತ್ತಿ ಇರಲಿ. 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಎಂಬ ಮೂರರಲ್ಲಿ ಪ್ರೆಸ್‌ನ ಹುಡುಗ ಯಾವುದನ್ನು ತೆರೆದಾನು?

ಈಗ ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ನೋಡುವ ಪ್ರತಿ. ಕಣ್ಣು ಗೊತ್ತಿರುವ ಹೆಸರನ್ನು ಓದುವುದಿಲ್ಲ, ಊಹಿಸುತ್ತದೆ. ಅದಕ್ಕೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ, ಒಂದೊಂದು ಅಕ್ಷರ ಬಿಡಿಸಿ, ಜೋರಾಗಿ. ಇನ್ನೊಬ್ಬರು ಮೂಲ ಪಟ್ಟಿ ಹಿಡಿದು ಕೂರಲಿ. ಆಮಂತ್ರಣ ಪತ್ರಿಕೆಯಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಹೆಸರಿನದ್ದಲ್ಲ, ತಾರೀಕಿಗೂ ವಾರಕ್ಕೂ ಹೊಂದದಿರುವುದು. ಹಳೆಯ ಪತ್ರಿಕೆಯ ಫೈಲ್ ತೆಗೆದು ತಾರೀಕು ತಿದ್ದುತ್ತಾರೆ, ವಾರ ಅಲ್ಲೇ ಉಳಿಯುತ್ತದೆ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ನೋಡಿ. 'ಸುಖಾಗಮನ ಬಯಸುವವರು' ಎಂಬಲ್ಲಿ ಯಾರ ಹೆಸರು ಮೊದಲು ಎಂಬುದಕ್ಕೆ ಮಾತ್ರ ನೀವು ಕೈ ಹಾಕಬೇಡಿ. ಮನೆಯವರು ಬರೆದುಕೊಟ್ಟ ಕ್ರಮದಲ್ಲೇ ಇಡಿ.

ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ. ಪ್ರೂಫ್ ಕಳಿಸಿ, 'ಹೆಸರು, ತಾರೀಕು, ಬಣ್ಣ ನೋಡಿದ್ದೇವೆ, ಅಚ್ಚು ಹಾಕಿ' ಎಂದು ಅವರಿಂದಲೇ ಬರೆಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಎತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿದರೆ ಸಾಲದು. ನಂತರ ಒಂದೇ ಒಂದು ಮಗ್ ಅಥವಾ ಒಂದು ಹಾಳೆ ಅಚ್ಚು ಹಾಕಿಸಿ, ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಬಂದು ನೋಡಿ. ಅದು ಸರಿ ಇದ್ದರೆ ಉಳಿದದ್ದಕ್ಕೆ ಹೂಂ ಎನ್ನಿ.

ಮೂಲ ಫೈಲು, ಫಾಂಟು, ಹೆಸರಿನ ಪಟ್ಟಿ, ಒಪ್ಪಿಗೆಯ ಸ್ಕ್ರೀನ್‌ಶಾಟ್ ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ ಇನ್ನೊಂದು ಡಿಸ್ಕಿನಲ್ಲೂ ಇಡಿ. ಎರಡು ವರ್ಷ ಬಿಟ್ಟು ಅದೇ ಮನೆಯವರು ಎರಡನೇ ಮಗುವಿನ ನಾಮಕರಣಕ್ಕೆ ಬರುತ್ತಾರೆ. "ಅದೇ ಡಿಸೈನ್, ಹೆಸರು ಮಾತ್ರ ಬೇರೆ" ಎನ್ನುತ್ತಾರೆ.